ಬುಗುರಿ ಜಾರಿದ್ದು

ಸ್ಪರ್ಧೆಯ ಊರು, ವಸತಿಗೃಹದ ಮೂರನೇ ಮಹಡಿ
ಗುರುವಾರ, 14ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮಗಳೇ,

ನಿನ್ನ ಸೊಂಟನೋವು ಹೇಗಿದೆ? ವಾರ್ಡಿನಲ್ಲಿ ದಿನವಿಡೀ ನಿಂತು, ಮನೆಗೆ ಬಂದ ಮೇಲೂ ನಿಂತೇ ಇರಬೇಡ. ನಿನಗೆ ರಜೆ ಸಿಗದೆ ಹೋದದ್ದಕ್ಕೆ ನಿನಗಿಂತ ನನಗೇ ಹೆಚ್ಚು ಬೇಸರ. ನಾನು ಚೆನ್ನಾಗಿದ್ದೇನೆ. ನೃತ್ಯ ತಂಡದ ಬೂಟು ರಿಪೇರಿಯವನೆಂದು ನನ್ನ ಕೊರಳಿಗೂ ಗುರುತಿನ ಚೀಟಿ ನೇತುಹಾಕಿದ್ದಾರೆ. "ತಾತ ಕಳೆದುಹೋದ್ರೆ ಯಾರಾದ್ರೂ ತಂದುಬಿಡಲಿ ಅಂತ ಕಣ್ರೇ" ಎಂದು ನಿನ್ನ ಮಗಳು ಬುಗುರಿ ಗೆಳತಿಯರನ್ನು ನಗಿಸುತ್ತಾಳೆ.

ಫಲಿತಾಂಶವನ್ನು ಫೋನಿನಲ್ಲಿ ಕೇಳಿದ್ದೀಯ. ಹತ್ತೊಂಬತ್ತು ದೇಶಗಳಲ್ಲಿ ನಮ್ಮ ಎಂಟು ಹುಡುಗಿಯರು ಐದನೆಯವರಾಗಿ ಶನಿವಾರದ ಕೊನೆಯ ಸುತ್ತಿಗೆ ಬಂದಿದ್ದಾರೆ. ಆದರೆ ನಿನ್ನೆ ಬೆಳಿಗ್ಗೆ ನಡೆದದ್ದನ್ನು ಬುಗುರಿ ನಿನಗೆ ಹೇಳಿರಲಾರಳು. ವೇದಿಕೆಯ ಮೇಲೆ ಅಭ್ಯಾಸಕ್ಕೆ ಪ್ರತಿ ತಂಡಕ್ಕೂ ಇಪ್ಪತ್ತು ನಿಮಿಷ. ಮುಂದಿನ ಸಾಲಿನ ನಡುವೆ ನಿಂತಿದ್ದ ಅವಳು ಮೊದಲ ಸುತ್ತು ತಿರುಗುತ್ತಲೇ ಜಾರಿ ಬಿದ್ದಳು. ಎದ್ದಳು, ಮತ್ತೆ ಜಾರಿದಳು. ಉಳಿದ ಏಳು ಜನಕ್ಕೆ ಏನೂ ಆಗಲಿಲ್ಲ. ಟೀಚರಮ್ಮ ಮೊದಲ ಸಲ "ಗಮನ ಎಲ್ಲಿಟ್ಟಿದ್ದೀಯೇ?" ಎಂದರು. ಎರಡನೇ ಸಲ, ಹೆಚ್ಚುವರಿಯಾಗಿ ಕರೆತಂದಿದ್ದ ಒಂಬತ್ತನೆಯ ಹುಡುಗಿಗೆ ಬಟ್ಟೆ ಬದಲಿಸಲು ಹೇಳಿದರು.

ಬುಗುರಿ ಅಳಲಿಲ್ಲ. ನಾನು ಕೂತಿದ್ದ ಮೆಟ್ಟಿಲ ಬಳಿ ಬಂದು ಬೂಟು ಬಿಚ್ಚಿ ನನ್ನ ಪಕ್ಕದಲ್ಲಿಟ್ಟಳು, ಅಷ್ಟೆ. ನಾನು ತಿರುವಿ ನೋಡಿದೆ. ಸೋಲ್ ತುಂಬ ಮೇಣ. ಪೆಟ್ಟಿಗೆಯಿಂದ ತಂತಿ ಬ್ರಶ್ ತೆಗೆದು, ಚರ್ಮ ಒರಟಾಗುವವರೆಗೆ ಎರಡನ್ನೂ ಉಜ್ಜಿದೆ. ಹಾಕಿಕೊಂಡು ಒಂದು ಸುತ್ತು ತಿರುಗಿದಳು. ಕಾಲು ನೆಲ ಹಿಡಿದು ನಿಂತಿತು. ಟೀಚರಮ್ಮ ಆ ಇನ್ನೊಬ್ಬಳಿಗೆ "ನೀನು ಕೂತ್ಕೋಮ್ಮ" ಎಂದ ಮೇಲೆಯೇ ನಾನು ಬ್ರಶ್ಶನ್ನು ಪೆಟ್ಟಿಗೆಗೆ ಹಾಕಿದ್ದು.

ಸಂಜೆ ಅವಳು ಕುಣಿದದ್ದನ್ನು ನೀನು ನೋಡಬೇಕಿತ್ತು. ಮೂರೂವರೆ ನಿಮಿಷ, ಒಮ್ಮೆಯೂ ಕಾಲು ತಪ್ಪಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಯಾವುದೋ ದೇಶದ ಅಜ್ಜಿ, ನನ್ನ ಭಾಷೆ ಅರಿಯದವಳು, ನನ್ನ ಬೆನ್ನು ತಟ್ಟಿ ನೀರಿನ ಬಾಟಲಿ ಕೊಟ್ಟಳು. ನನ್ನ ಮುಖ ಹಾಗಿತ್ತೇನೋ.

ಊಟದ ಮನೆಯಲ್ಲಿ ಟೀಚರಮ್ಮ ಎಲ್ಲರ ಮುಂದೆ "ಈ ತಾತ ಇಲ್ದಿದ್ರೆ ನಮ್ಮ ಕತೆ ಮುಗೀತಿತ್ತು" ಎಂದು ಹೊಗಳಿದರು. ಬುಗುರಿ ಎಲ್ಲೋ ಮೇಣ ತುಳಿದಿದ್ದಾಳೆಂದು ಅವರ ಲೆಕ್ಕ. ಬೂಟು ಜೋಪಾನ ಮಾಡದವಳಿಗೆ ಮುಂದಿನ ಸಾಲು ಯಾಕೆ, ಶನಿವಾರ ಹಿಂದೆ ನಿಲ್ಲು ಎಂದರು. ಅವಳು "ತಪ್ಪಾಯ್ತು ಟೀಚರ್" ಎಂದಳು. ಅಂತೂ ಬಿದ್ದ ಮಗು ಎದ್ದು ಕುಣಿಯಿತಲ್ಲ. ಅಳಿಯಂದಿರಿಗೆ ನಾನು ಕೇಳಿದೆನೆಂದು ಹೇಳು. ಸೊಂಟಕ್ಕೆ ಶಾಖ ಕೊಡುವುದನ್ನು ಬಿಡಬೇಡ, ತಾಯಿ.

ನಿನ್ನ ಅಪ್ಪ

ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು: ಆ ಮೇಣ ಹಚ್ಚಿದವನು ನಾನೇ. ಹೊರಡುವ ಹಿಂದಿನ ದಿನ ಎಲ್ಲ ಜೊತೆಗಳಿಗೂ ಮೇಣದ ಪಾಲಿಶ್ ಮಾಡಿದೆ. ನಮ್ಮವಳದ್ದಲ್ಲವೇ ಎಂದು ಅವಳದಕ್ಕೆ ಮಾತ್ರ ಸೋಲಿಗೂ ಎರಡು ಸಲ ತಿಕ್ಕಿದೆ, ಅಂಗಡಿಯ ಗಾಜಿನೊಳಗೆ ಇಡುವ ಬೂಟಿಗೆ ಮಾಡುವ ಹಾಗೆ. ತಿರುವಿ ನೋಡಿದ ಕೂಡಲೇ ತಿಳಿಯಿತು, ಹೇಳಲು ಬಾಯಿ ಬರಲಿಲ್ಲ. ಬುಗುರಿಗೂ ಗೊತ್ತಿಲ್ಲ. ಹೊಗಳಿಸಿಕೊಂಡದ್ದು ಎಲ್ಲರ ಮುಂದೆ; ನಾಳೆ ಬೆಳಿಗ್ಗೆ ತಿಂಡಿಗೆ ಅಷ್ಟೂ ಹುಡುಗಿಯರು ಕೂತಿರುವಾಗಲೇ ಟೀಚರಮ್ಮನಿಗೆ ಇದನ್ನೂ ಹೇಳುತ್ತೇನೆ.