ಕುಲುಮೆಗೆ ಹೋದ ಉಲ್ಕೆ

ಕಕ್ಕಬೆ, ಸೋಮವಾರ

ಕೊಡ್ಲಿಪೇಟೆಯ ದೊಡ್ಡಮ್ಮನಿಗೆ ಮಾನಸಳ ನಮಸ್ಕಾರ.

ತೋಟದಲ್ಲಿ ಸಿಕ್ಕಿದ ಕಬ್ಬಿಣದ ಉಲ್ಕೆಯನ್ನು ಪರೀಕ್ಷಿಸಲು ಬಂದೆನಲ್ಲ, ಹೋಂಸ್ಟೇ ಯಜಮಾನರು ಅದನ್ನು ಕುಲುಮೆಯಲ್ಲಿ ಕಾಯಿಸಿ, ಅತಿಥಿಗಳಿಗೆ ತೋರಿಸಲು ಕತ್ತಿ ಮಾಡಿಸಿಬಿಟ್ಟಿದ್ದಾರೆ. ಕೇಳಿದರೆ, "ಕಬ್ಬಿಣ ತಾನೆ ಮೇಡಂ, ಕಾಸಿದ್ರೆ ಏನಾಗುತ್ತೆ?" ಎನ್ನುತ್ತಾರೆ. ಸಿಟ್ಟು ಬಂದು ಅಲ್ಲೇ ಬೈದೆ. ಗ್ರಹಗಳು ಹುಟ್ಟುತ್ತಿದ್ದ ಕಾಲದಲ್ಲಿ ಒಂದು ಪುಟ್ಟ ಲೋಕ ಕರಗಿ, ಅದರ ಕಬ್ಬಿಣವೆಲ್ಲ ನಡುವಿಗೆ ಇಳಿದು, ಹತ್ತು ಲಕ್ಷ ವರ್ಷಕ್ಕೆ ಕೆಲವೇ ಡಿಗ್ರಿಯಂತೆ ಆರಿತ್ತು. ಆ ಲೋಕ ಒಡೆದಾಗ ಸಿಡಿದ ಚೂರೇ ಈ ಉಲ್ಕೆ. ಆರುವಾಗ ಕಬ್ಬಿಣದೊಳಗೆ ಮೂಡಿದ ಗೆರೆಗಳನ್ನು ಅಳೆದು ಆ ಲೋಕದ ಗಾತ್ರವನ್ನು ಅಂದಾಜು ಮಾಡಬಹುದು. ಒಂದು ಮಧ್ಯಾಹ್ನದ ಬೆಂಕಿ ಅದನ್ನೆಲ್ಲ ಅಳಿಸಿತು.

ಕತ್ತಿ ಬಡಿದ ಬೊಮ್ಮಣ್ಣನವರನ್ನೂ ಬೈದೆ. ಅವರು ಒಳಗೆ ಹೋಗಿ ನಿಂಬೆಹಣ್ಣಿನಷ್ಟು ತುಂಡು ತಂದರು. "ಇದು ನಮ್ಮ ಕಬ್ಬಿಣದಂಗಿಲ್ಲ, ಕಾಸೋದು ಬೇಡ ಅಂತ ಅವತ್ತೇ ಹೇಳ್ದೆ. ಯಜಮಾನ್ರು ಕೇಳ್ಲಿಲ್ಲ. ಅದ್ಕೇ ಇಷ್ಟು ಕುಯ್ದು ಇಟ್ಟಿದ್ದೆ." ನಾಚಿಕೆಯಾಗಿ ಕ್ಷಮೆ ಕೇಳಿದೆ. ತುಂಡನ್ನು ಉಜ್ಜಿ ಆಸಿಡ್ ಹಾಕಿದರೆ ಗೆರೆಗಳು ಹಾಗೇ ಇವೆ.

ಜಿಗಣೆ ಕಚ್ಚಿದ ಕಾಲು ವಾಸಿಯಾಗಿದೆ, ಚಿಂತೆ ಬೇಡ.

ಉಳಿಸಿಕೊಟ್ಟವರೆಂದು ವರದಿಯಲ್ಲಿ ಬೊಮ್ಮಣ್ಣನವರ ಹೆಸರು ಬರೆದಿದ್ದೇನೆ. ಯಜಮಾನರು ತಮ್ಮದನ್ನೂ ಸೇರಿಸಿ ಎಂದರು. ಸೇರಿಸಲಿಲ್ಲ.

ಬಸ್ಸು ಬಂತು.
ಮಾನಸ