ಬೆನ್ನಿನ ಚಿಕ್ಕ ಸಿಲಿಂಡರ್

ಶುಕ್ರವಾರ, ಸಂಜೆ

ಒಂಟೆಗೆ,

ಪೂರ್ತಿ ಓದುವ ಮನಸ್ಸಿಲ್ಲದಿದ್ದರೆ ಇದೊಂದು ಮಾತು ಓದಿ ಉಳಿದದ್ದನ್ನು ಹರಿದುಹಾಕು. ಭಾನುವಾರ ಕ್ವಾರಿಯ ನೀರಿಗೆ ಇಳಿಯುವ ಮೊದಲು ದೊಡ್ಡದರ ಗಾಳಿ ಕೈಕೊಟ್ಟರೆ ಇರಲೆಂದು ನೀನು ಬೆನ್ನಿಗೆ ಕಟ್ಟುವ ಚಿಕ್ಕ ಸಿಲಿಂಡರಿನ ವಾಲ್ವನ್ನು ನಿನ್ನ ಕೈಯಿಂದಲೇ ತೆರೆ. ಅದು ಮುಚ್ಚಿದೆ. ಇಷ್ಟು ವರ್ಷದಲ್ಲಿ ನೀನು ಒಮ್ಮೆಯೂ ಅದನ್ನು ತೆರೆದಿಲ್ಲ. ನಾನೂ ನನ್ನದನ್ನು ತೆರೆದಿರಲಿಲ್ಲ. ಹೋದ ವಾರದವರೆಗೆ ನನಗೆ ಅದು ಗೊತ್ತೂ ಇರಲಿಲ್ಲ.

ಇಷ್ಟು ಹೇಳಿಬಿಟ್ಟರೆ ಮುಂದಿನದನ್ನು ಸಮಾಧಾನವಾಗಿ ಬರೆಯಬಹುದು ಅಂದುಕೊಂಡಿದ್ದೆ. ಆಗುತ್ತಿಲ್ಲ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ಮೊದಲು ಇಂಗ್ಲಿಷಿನಲ್ಲೇ ಶುರು ಮಾಡಿದ್ದೆ, ನನ್ನ ಶಾಲೆ ಕಲಿಸಿದ್ದು ಅದನ್ನೇ ತಾನೆ. ಅರ್ಧ ಪುಟ ಆದ ಮೇಲೆ ಓದಿ ನೋಡಿದರೆ ವಕೀಲರು ಕಳಿಸಿದ ನೋಟಿಸಿನ ಹಾಗಿತ್ತು. ನಮ್ಮಿಬ್ಬರ ನಡುವೆ ಅಂಥ ಕಾಗದಗಳು ಸಾಕಷ್ಟು ಓಡಾಡಿವೆ. ಅದಕ್ಕೇ ಇದು ಕನ್ನಡದಲ್ಲಿ.

ನೀನು ಬೇರೆ ಮನೆ ಮಾಡಿದ ಮೇಲೆ ನಾನು ಎರಡು ಸಲ ಒಬ್ಬಳೇ ನೀರಿಗಿಳಿದೆ. ನಿನಗೆ ಯಾರೂ ಹೇಳಿರಲಾರರು. ನಿನ್ನ ತಂಗಿಗೂ ನಾನು ಹೇಳಿರಲಿಲ್ಲ. ಯಾಕೆ ಇಳಿದೆ ಎಂದು ಕೇಳಿದರೆ ನನ್ನಲ್ಲಿ ಒಂದೇ ಉತ್ತರವಿಲ್ಲ. ನೀನಿಲ್ಲದೆಯೂ ಆಗುತ್ತದೆ ಎಂದು ನಿನಗೆ ತೋರಿಸಬೇಕಿತ್ತೋ, ನನಗೇ ತೋರಿಸಿಕೊಳ್ಳಬೇಕಿತ್ತೋ. ಕನ್ನಡಕದ ಅಂಗಡಿಯ ಕತ್ತಲೆ ಕೋಣೆಯಲ್ಲಿ ಗಿರಾಕಿಗಳ ಕಣ್ಣಿಗೆ ಗಾಜು ಬದಲಿಸುತ್ತಾ ದಿನವಿಡೀ ‘ಇದು ಸ್ಪಷ್ಟವೋ, ಅದು ಸ್ಪಷ್ಟವೋ’ ಎಂದು ಕೇಳುವವಳು ನಾನು. ನನ್ನ ವಿಷಯಕ್ಕೆ ಬಂದರೆ ಎರಡೂ ಮಸುಕು.

ಮೊದಲನೆಯದು ಬೆಚ್ಚನೆಯ ಸಮುದ್ರ. ತೆಳು ಸೂಟು ಸಾಕಾಗುವಂಥ ನೀರು, ಒರೆಸಿಟ್ಟ ಗಾಜಿನಂತೆ ಸ್ವಚ್ಛ. ಆದರೂ ಹೆದರಿದೆ. ತಳದಲ್ಲಿ ನನ್ನನ್ನು ಹೆದರಿಸುವಂಥದ್ದು ಏನೂ ಇರಲಿಲ್ಲ, ಬಲ ಭುಜದ ಹಿಂದೆ ನೀನಿರಲಿಲ್ಲ ಅಷ್ಟೇ. ಅಭ್ಯಾಸಬಲದಿಂದ ತಿರುಗಿ, ಬೆರಳು ಸುತ್ತಿ ‘ಎಲ್ಲ ಸರಿ’ ಎಂಬ ಸನ್ನೆ ಮಾಡಿದೆ. ಅಲ್ಲಿ ದಪ್ಪ ತುಟಿಯ ಮೀನೊಂದು ನಿಂತು, ಕನ್ನಡಕದ ಬೆಲೆ ಕೇಳಿ ಬೇಸರಪಟ್ಟ ಗಿರಾಕಿಯಂತೆ ನನ್ನನ್ನೇ ನೋಡುತ್ತಿತ್ತು. ಮಾಸ್ಕಿನೊಳಗೇ ನಗು ಬಂತು. ಮರುಕ್ಷಣ ನಗು ನಿಂತಿತು. ನನಗೆ ಈಗ ಏನಾದರೂ ಆದರೆ ಅದನ್ನು ನೋಡುವುದು ಈ ಮೀನು ಮಾತ್ರ ಎನ್ನಿಸಿತು. ಉಸಿರಿನ ಲೆಕ್ಕವೇ ತಪ್ಪಿತು. ನಿನ್ನ ಬಕಾಸುರಿ ಅವತ್ತು ತನ್ನ ಹೆಸರು ಉಳಿಸಿಕೊಂಡಳು. ನೀನು ಒಂಟೆಯ ಹಾಗೆ ದಿನವಿಡೀ ನಡೆಸುವಷ್ಟು ಗಾಳಿಯನ್ನು ಗಟಗಟ ಮುಗಿಸಿ ಬೇಗನೆ ಮೇಲೆ ಬಂದೆ.

ಬಂದ ಮೇಲೆ ಮಾತ್ರ ಜಂಬವೋ ಜಂಬ. ದೋಣಿಯಲ್ಲಿ ಸಾಮಾನು ನೋಡಿಕೊಳ್ಳುವ ಹೆಂಗಸು, “ಒಬ್ರೇ ಹೋಗಿ ಬಂದ್ರಾ? ಗಟ್ಟಿಗಿತ್ತಿ ಬಿಡಿ ನೀವು,” ಎಂದಳು. ಅದನ್ನು ಮನೆವರೆಗೆ ಹೊತ್ತು ತಂದೆ. ಅವಳು ಇನ್ನೂ ಒಂದು ಕೆಲಸ ಮಾಡಿದ್ದಳು. ನಾನು ಸಾಮಾನು ಬೆನ್ನಿಗೇರಿಸಿ ಕೂತಾಗ, ಎಲ್ಲರಿಗೂ ಮಾಡುವಂತೆ ನನ್ನ ಹಿಂದೆ ಬಂದು ದೊಡ್ಡದು, ಚಿಕ್ಕದು ಎರಡೂ ವಾಲ್ವುಗಳನ್ನು ತಿರುಗಿಸಿದ್ದಳು. ನಾನು ಗಮನಿಸಲೇ ಇಲ್ಲ. ನನ್ನ ಬೆನ್ನ ಹಿಂದೆ ಎರಡು ಕೈ ಆಡುವುದು ನನಗೆ ಎಷ್ಟು ಸಹಜವಾಗಿತ್ತು ನೋಡು.

ನಮಗೆ ಡೈವಿಂಗ್ ಕಲಿಸಿದ ಮೇಷ್ಟ್ರು ಮೊದಲ ದಿನವೇ ಹೇಳಿದ್ದು ನೆನಪಿದೆಯಲ್ಲ. “ಎದೆ ಮೇಲಿರೋದು ನಿಮ್ಮದು, ಬೆನ್ನ ಮೇಲಿರೋದು ಜೊತೆಗಾರರದು. ಬೆನ್ನಿಗೆ ನೀವೇ ಕೈ ಹಾಕಿದ್ರೆ ಅವರನ್ನ ನಂಬಿಲ್ಲ ಅಂತ ಅರ್ಥ.” ಉಳಿದ ಜೋಡಿಗಳು ಆ ಮಾತನ್ನು ತರಗತಿಯಲ್ಲೇ ಬಿಟ್ಟುಹೋದರು. ನಾವಿಬ್ಬರು ಮಾತ್ರ ಮದುವೆಯ ಜೊತೆಗೆ ಅದನ್ನೂ ಮನೆಗೆ ತಂದೆವು. ನಿನ್ನದನ್ನು ನಾನು ತೆರೆಯುವುದು, ನನ್ನದನ್ನು ನೀನು. ಮೇಲೆ ಬಂದ ಮೇಲೆ ಮುಚ್ಚುವುದೂ ಹಾಗೆಯೇ. ನೀನು ಭುಜ ತಟ್ಟಿದರೆ ತೆರೆದಾಯಿತು ಎಂದು ಅರ್ಥ. ನಾನು ಒಮ್ಮೆಯೂ ‘ನಿಜವಾ?’ ಎಂದು ಕೇಳಿದವಳಲ್ಲ.

ಎರಡನೆಯದು ಆ ಬೆಟ್ಟದ ಮೇಲಿನ ಕ್ವಾರಿ. ಕಲ್ಲು ತೆಗೆದು ಬಿಟ್ಟುಹೋದ ಗುಂಡಿಯಲ್ಲಿ ನಿಂತ ನೀರು, ಮೇಲಿನಿಂದ ನೋಡಿದರೆ ಮಸಿ. ಮೆಟ್ಟಿಲ ಬಳಿ ನಾನು ಮತ್ತು ಕಾವಲುಗಾರ ಇಬ್ಬರೇ. ಮೈಗೆ ದಪ್ಪ ಸೂಟು, ಕೈಗೆ ದಪ್ಪ ಗ್ಲೌಸು. ಬಾಯಿಗೆ ರೆಗ್ಯುಲೇಟರ್ ಕಚ್ಚಿ ಉಸಿರೆಳೆದರೆ ಗಾಳಿಯೇ ಇಲ್ಲ. ದೊಡ್ಡ ಸಿಲಿಂಡರ್ ತೆರೆದೇ ಇರಲಿಲ್ಲ. ಕಾವಲುಗಾರನನ್ನು ಕರೆದು ಬೆನ್ನಿನದನ್ನು ತಿರುಗಿಸು ಎಂದೆ. “ಇದೇನು ಮೇಡಂ, ನಲ್ಲಿ ತಿರುಗಿಸೋಕೂ ಆಳು ಬೇಕಾ?” ಎಂದು ನಗುತ್ತಾ ಕಣ್ಣಿಗೆ ಕಂಡ ದೊಡ್ಡದನ್ನು ತಿರುಗಿಸಿದ. ನಾನೂ ನಕ್ಕೆ. ಚಿಕ್ಕದರ ನೆನಪು ನನಗೆ ಬರಲಿಲ್ಲ. ಅದರ ರೆಗ್ಯುಲೇಟರನ್ನು ಬಾಯಿಗಿಟ್ಟು ಒಂದು ಸಲ ಎಳೆದೆ, ಗಾಳಿ ಬಂತು. ಗಾಳಿ ಎಷ್ಟಿದೆಯೆಂದು ತೋರಿಸುವ ಮುಳ್ಳು ನೋಡಿದೆ, ತುಂಬಿದೆ ಎಂದಿತು. ಸಿಲಿಂಡರ್ ತುಂಬಿದವರು ಪರೀಕ್ಷೆಗೆಂದು ತೆರೆದು ಮುಚ್ಚಿದಾಗ ಕೊಳವೆಯಲ್ಲಿ ಉಳಿದ ಗಾಳಿ ಅದು. ಆ ಒಂದು ಗುಟುಕು ಮತ್ತು ಆ ಮುಳ್ಳು, ಎರಡೂ ನನಗೆ ಸುಳ್ಳು ಹೇಳಿದವು. ನಿನಗೂ ಹೇಳುತ್ತವೆ. ದಯವಿಟ್ಟು ನಂಬಬೇಡ.

ಕೆಳಗೆ ಏನಾಯಿತೆಂದು ಬರೆಯಲು ಹೆಚ್ಚು ಹೊತ್ತು ಬೇಡ, ಆದದ್ದೂ ಅಷ್ಟೇ ಬೇಗ. ಕಲ್ಲಿನ ಅಂಚೊಂದರ ಮೇಲೆ ತುಕ್ಕು ಹಿಡಿದ ಲಾರಿ ನಿಂತಿದೆ. ಅದರ ಬಾನೆಟ್ಟು ಹಿಡಿದು ನಿಂತಿದ್ದೆ. ತುಟಿ ಮರಗಟ್ಟಿತ್ತು. ಆ ಕೊರೆಯುವ ನೀರಿಗೆ ರೆಗ್ಯುಲೇಟರ್ ಒಳಗೆ ಮಂಜುಗಡ್ಡೆ ಕಟ್ಟಿರಬೇಕು, ಇದ್ದಕ್ಕಿದ್ದಂತೆ ಗಾಳಿ ನಿಲ್ಲದೆ ಸುರಿಯತೊಡಗಿತು. ಮುಖದ ತುಂಬ ಗುಳ್ಳೆ, ಕಿವಿಯ ತುಂಬ ಗದ್ದಲ. ಕಲಿತಂತೆಯೇ ಮಾಡಿದೆ. ಅದನ್ನು ಬಾಯಿಂದ ತೆಗೆದು ಚಿಕ್ಕದನ್ನು ಕಚ್ಚಿದೆ. ಒಂದು ಉಸಿರು ಬಂತು. ಇನ್ನೊಂದು ಅರ್ಧ ಬಂತು. ಆಮೇಲೆ ಎಳೆದರೆ ಗೋಡೆಯನ್ನು ಹೀರಿದ ಹಾಗೆ.

ಆಗ ನನಗೆ ಏನನ್ನಿಸಿತು ಗೊತ್ತೇ? ಸಾಯುತ್ತೇನೆ ಎಂದಲ್ಲ. ಇವನು ಯಾಕೆ ತೆರೆಯಲಿಲ್ಲ ಎಂದು. ನಿನ್ನ ಮೇಲೆ ಅಷ್ಟು ಕೋಪ ನಮ್ಮ ಜಗಳಗಳಲ್ಲೂ ಬಂದಿರಲಿಲ್ಲ. ಕೋಪದಲ್ಲೇ ತಿರುಗಿದೆ. ಬಲ ಭುಜದ ಹಿಂದೆ ಕಪ್ಪು ನೀರು. ಕೈಯನ್ನು ಬೆನ್ನಿಗೆ ಚಾಚಿದೆ. ಗ್ಲೌಸಿನ ತುದಿಗೆ ಎಲ್ಲೋ ಲೋಹ ತಾಗಿತು, ಅದು ವಾಲ್ವೋ ಇನ್ನೇನೋ. ನನ್ನ ಬೆನ್ನಿನಲ್ಲಿ ಏನು ಎಲ್ಲಿದೆ ಎಂಬುದು ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ಆ ಹೊತ್ತಿನಲ್ಲಿ ಅದನ್ನು ಕಲಿಯುವುದು ಆಗದ ಮಾತು.

ಕೊನೆಗೆ ಆ ಸುರಿಯುವ ಹುಚ್ಚನ್ನೇ ಮತ್ತೆ ತುಟಿಯ ಅಂಚಿಗಿಟ್ಟುಕೊಂಡು, ಗುಳ್ಳೆಯ ನಡುವಿನ ಗಾಳಿಯನ್ನು ಹೀರುತ್ತಾ ಮೇಲೆ ಬಂದೆ. ನಿಧಾನವಾಗಿ ಬಂದೆ ಎಂದು ಬರೆಯಬೇಕೆಂದಿದ್ದೆ. ಬರಲಿಲ್ಲ. ಏರಬಾರದಷ್ಟು ಬೇಗ ಏರಿದೆ. ಕಾವಲುಗಾರ ಕೈ ಕೊಟ್ಟು ಮೆಟ್ಟಿಲಿಗೆ ಎಳೆದುಕೊಂಡ. “ಏನ್ ಮೇಡಂ, ಇಷ್ಟು ಬೇಗ ಬಂದ್ರಿ? ಕೆಳಗೆ ಯಾರೂ ಮಾತಾಡಿಸ್ಲಿಲ್ವಾ?” ನನ್ನ ಮುಖ ನೋಡಿದ ಮೇಲೆ ತನ್ನ ಕೋಟು ಹೊದಿಸಿದ. ವೈದ್ಯರು ನೋಡಿದ್ದಾರೆ, ಏನೂ ಆಗಿಲ್ಲ ಎಂದಿದ್ದಾರೆ.

ಏನೂ ಆಗಿಲ್ಲ. ಆದರೆ ಈಗ ಅಂಗಡಿಯ ಕತ್ತಲೆ ಕೋಣೆಯ ಬಾಗಿಲನ್ನು ಮುಚ್ಚಲಾಗುತ್ತಿಲ್ಲ. ಸ್ವಲ್ಪ ತೆರೆದಿಟ್ಟೇ ಕಣ್ಣು ಪರೀಕ್ಷಿಸುತ್ತೇನೆ, ಗಿರಾಕಿಗಳು ಬೆಳಕು ಬೀಳುತ್ತಿದೆ ಎನ್ನುತ್ತಾರೆ. ನಿನ್ನೆ ಒಬ್ಬ ಅಜ್ಜಿ ಅಕ್ಷರ ಓದುವುದನ್ನು ನಿಲ್ಲಿಸಿ, “ಅಲ್ಲಮ್ಮಾ, ಓದ್ತಿರೋಳು ನಾನು, ಉಸಿರು ಬಿಗಿ ಹಿಡ್ಕೊಂಡಿರೋಳು ನೀನು. ಯಾಕೆ?” ಎಂದರು. ಸ್ನಾನಕ್ಕೆ ಹೋದರೆ ಮುಖಕ್ಕೆ ನೀರು ಬೀಳುವಾಗ ಗೋಡೆ ಹಿಡಿದುಕೊಳ್ಳುತ್ತೇನೆ. ಇದು ನನಗಾಗಿ ಇರುವ ಹೆದರಿಕೆಯಾಗಿದ್ದರೆ ನಿನಗೆ ಬರೆಯುತ್ತಿರಲಿಲ್ಲ.

ಆವತ್ತು ಕಾವಲುಗಾರನ ಶೆಡ್ಡಿನಲ್ಲಿ ಕೂತು ಚಳಿ ಬಿಡಿಸಿಕೊಳ್ಳುತ್ತಿದ್ದಾಗ ಮೂಲೆಯಲ್ಲಿ ಒಂದು ಜೊತೆ ಸಿಲಿಂಡರ್ ಕಂಡವು. ದೊಡ್ಡದರ ಕುತ್ತಿಗೆಗೆ ಹಳದಿ ಟೇಪು. ಅದನ್ನು ಸುತ್ತಿದ್ದು ನಾನು, ಕೊನೆಯ ಸುತ್ತು ವಕ್ರವಾಯಿತೆಂದು ನೀನು ಗೊಣಗಿದ್ದೆ. ಯಾರದು ಇದು ಎಂದು ಕೇಳಿದೆ, ಗೊತ್ತಿಲ್ಲದವಳಂತೆ. “ಒಬ್ರು ಸಾರ್ ಕಳಿಸಿದಾರೆ. ಮುಂದಿನ ಭಾನುವಾರ ಬರ್ತಾರಂತೆ. ಅವರೂ ನಿಮ್ ಹಾಗೇ ಒಬ್ರೇ,” ಎಂದ. “ಈಗೀಗ ಎಲ್ಲರೂ ಒಬ್ರೇ ಬರ್ತಾರೆ, ಏನ್ ಕಾಲವೋ.”

ಮನೆಗೆ ಬಂದು ನಿನ್ನ ತಂಗಿಗೆ ಫೋನು ಮಾಡಿ, ಬೇರೇನೋ ಮಾತಿನ ನಡುವೆ ಕೇಳಿದೆ. “ಹೌದು ಅತ್ತಿಗೆ, ಹೋಗ್ತಾನಂತೆ. ಆ ತಣ್ಣೀರಲ್ಲಾದ್ರೂ ಅಣ್ಣನ ತಲೆ ತಣ್ಣಗಾಗ್ಲಿ ಬಿಡಿ,” ಎಂದು ನಕ್ಕಳು. ಅವಳಿಗೆ ಪೂರ್ತಿ ವಿಷಯ ಹೇಳಲಿಲ್ಲ. ಹೇಳಿದ್ದರೆ ನಿಮ್ಮ ಮನೆಯವರೆಲ್ಲ ಸೇರಿ ಹೋಗಬೇಡ ಎನ್ನುತ್ತಿದ್ದರು, ಆಗ ನೀನು ಹೋಗಿಯೇ ತೀರುತ್ತಿದ್ದೆ. ನನ್ನ ಫೋನನ್ನು ನೀನು ಎತ್ತುವುದಿಲ್ಲ. ನಾನು ಕಳಿಸಿದ ಲಕೋಟೆಗಳು ನಿನ್ನ ತಂಗಿಯ ಕೈಯಲ್ಲಿ ಹಾಗೇ ವಾಪಸು ಬರುತ್ತವೆ. ಕಾವಲುಗಾರನಿಗೆ ಹೇಳೋಣವೆಂದರೆ, ಅವನು ಮತ್ತೆ ಕಣ್ಣಿಗೆ ಕಂಡ ದೊಡ್ಡದನ್ನೇ ತಿರುಗಿಸುತ್ತಾನೆ.

ನೀನು ನಗುತ್ತಿರಬಹುದು. ಊರ ಲಿಫ್ಟುಗಳ ಬ್ರೇಕನ್ನೆಲ್ಲ ಪರೀಕ್ಷಿಸುವವನಿಗೆ ಇವಳು ಪಾಠ ಹೇಳುತ್ತಾಳೆ ಎಂದು. ಸರಿ, ನಗು. ಆದರೆ ಒಂದು ಯೋಚನೆ ಮಾಡು. ನೀನು ಮನೆ ಬಿಡುವಾಗ ಹೇಳಿದ್ದು, ನಾನು ನಿನ್ನನ್ನು ಯಾವುದಕ್ಕೂ ನಂಬುವುದಿಲ್ಲ ಎಂದು. ಬಾಗಿಲು ಹಾಕಿದೆಯಾ, ಗ್ಯಾಸ್ ಆಫ್ ಮಾಡಿದೆಯಾ, ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತೆಯಾ. ಹೌದು, ಕೇಳುತ್ತಿದ್ದೆ. ಕೇಳಿದ ಮೇಲೂ ಎದ್ದು ಹೋಗಿ ನೋಡುತ್ತಿದ್ದೆ. ನಿನ್ನನ್ನು ಕುಗ್ಗಿಸಬೇಕೆಂದಿರಲಿಲ್ಲ, ಆದರೆ ಕುಗ್ಗಿಸಿತು ಎಂದು ಈಗ ಅರ್ಥವಾಗುತ್ತದೆ. ಇಷ್ಟೆಲ್ಲ ತಪಾಸಣೆ ಮಾಡುವ ನಾನು ನೀರಿನ ಅಂಚಿಗೆ ಬಂದರೆ ಮಾತ್ರ ಏನನ್ನೂ ಕೇಳದೆ ನಿನಗೆ ಬೆನ್ನು ಕೊಡುತ್ತಿದ್ದೆ. ಅದು ನನ್ನ ನಂಬಿಕೆಯೋ, ಬರೀ ರೂಢಿಯೋ? ಲಾರಿಯ ಪಕ್ಕ ನಿಂತು, ಗಾಳಿಯಿಲ್ಲದೆ, ನಿನ್ನ ಮೇಲೆ ಸಿಟ್ಟಾದೆನಲ್ಲ, ಬರೀ ರೂಢಿಯಾಗಿದ್ದರೆ ಅಷ್ಟು ಸಿಟ್ಟು ಬರುತ್ತಿತ್ತೇ? ಗೊತ್ತಿಲ್ಲ. ಉತ್ತರ ನಿನ್ನಿಂದ ಕೇಳುತ್ತಿಲ್ಲ.

ಕೇಳುವುದು ಇಷ್ಟೇ. ಹೆಗಲಿಗೇರಿಸುವ ಮೊದಲು, ಸಿಲಿಂಡರ್ ನೆಲದ ಮೇಲಿರುವಾಗಲೇ, ಎರಡನ್ನೂ ತೆರೆ. ಏರಿಸಿದ ಮೇಲೆ ಗ್ಲೌಸು ಹಾಕಿದ ಕೈಯನ್ನು ಹಿಂದೆ ಚಾಚಿ ಚಿಕ್ಕದನ್ನು ಮುಟ್ಟು. ಕೈ ಮುಟ್ಟದಿದ್ದರೆ ಆ ದಿನ ಇಳಿಯಬೇಡ. ಲಾರಿಯನ್ನು ನಾನು ನೋಡಿ ಬಂದಿದ್ದೇನೆ. ಬಾಗಿಲಿಲ್ಲ, ಸ್ಟೀರಿಂಗಿಲ್ಲ, ನೋಡುವಂಥದ್ದೇನೂ ಇಲ್ಲ.

ನನ್ನಿಂದ ನಿನಗೆ ತೊಂದರೆಯಾಗುವುದಿಲ್ಲ. ಭಾನುವಾರ ನಾನು ಅಂಗಡಿಯಲ್ಲಿ ಇರುತ್ತೇನೆ. ಮೇಲೆ ಬಂದ ಮೇಲೆ ನಿನ್ನ ತಂಗಿಗೆ ಒಂದು ಮಾತು ಹೇಳು, ಅವಳು ನನಗೆ ಹೇಳುತ್ತಾಳೆ. ಸಾಕು.

ಇಂತಿ,
ಎಲ್ಲರಿಗಿಂತ ಮೊದಲು ಗಾಳಿ ಮುಗಿಸುವ
ನಿನ್ನ ಬಕಾಸುರಿ

ತಾ.ಕ.: ಲಕೋಟೆಗೆ ಹಾಕಿದರೆ ನೀನು ಒಡೆಯುವುದಿಲ್ಲ. ಅದಕ್ಕೇ ಈ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನಾಳೆ ನಾನೇ ಬೆಟ್ಟ ಹತ್ತಿ, ನಿನ್ನ ಚಿಕ್ಕ ಸಿಲಿಂಡರಿನ ವಾಲ್ವಿಗೆ ಕಟ್ಟಿ ಬರುತ್ತೇನೆ, ನೀನು ಬೈಯುತ್ತಿದ್ದ ಆ ನನ್ನ ಬಿಗಿ ಗಂಟು ಹಾಕಿ. ಇದನ್ನು ಓದುತ್ತಿದ್ದೀಯ ಎಂದರೆ ಅದನ್ನು ಬಿಚ್ಚಲು ನಿನ್ನ ಬೆರಳುಗಳು ಆ ವಾಲ್ವನ್ನು ಬಹಳ ಹೊತ್ತು ಹಿಡಿದಿವೆ. ಕಟ್ಟುವಾಗ ನಾನೇ ತೆರೆದುಬಿಡುವುದು ಸುಲಭ. ತೆರೆಯುವುದಿಲ್ಲ. ನಾನು ತೆರೆದಿಟ್ಟರೆ ಮುಂದಿನ ಸಲಕ್ಕೆ ಅದು ಮತ್ತೆ ಮುಚ್ಚಿರುತ್ತದೆ, ನಿನಗೆ ಗೊತ್ತಿರುವುದಿಲ್ಲ.

ಇನ್ನೊಂದು. ಭಾನುವಾರ ಅಂಗಡಿಗೆ ರಜೆ ಎಂದು ನಿನಗೆ ಗೊತ್ತು. ಕ್ವಾರಿಯ ಮೆಟ್ಟಿಲ ಮೇಲಿನ ಕಲ್ಲುಬೆಂಚಿನಲ್ಲಿ ಕೂತಿರುತ್ತೇನೆ. ನೀನು ಮಾತಾಡಿಸಬೇಕಾಗಿಲ್ಲ, ಕರೆಯದಿದ್ದರೆ ನಾನು ಕೆಳಗೆ ಬರುವುದೂ ಇಲ್ಲ. ನಿನ್ನ ಗುಳ್ಳೆಗಳನ್ನು ಮಾತ್ರ ನೋಡುತ್ತಿರುತ್ತೇನೆ.