ಗ್ಯಾಸಿನ ಗುಂಡಿಗೆ ಸುರಿದ ಬಾಸುಂದಿ

ದೇವಿಕೊಪ್ಪ, ಮಂಗಳವಾರ

ತಮ್ಮಾ,

ಸಂಜೆ ಐದಾಗಿದೆ. ಧಾರವಾಡದಿಂದ ಸೂಕ್ಷ್ಮಜೀವಿ ಸಂಶೋಧಕಿಯೊಬ್ಬರು ಇಲ್ಲಿ ಬೀಗಿತಿಯ ಮನೆಗೆ ಬಂದಿದ್ದರು. ಬೀಗಿತಿಯ ಕಿರಿಮಗನ ಮದುವೆಯ ಮರುದಿನ ಸೊಸೆಯಂದಿರಿಗಷ್ಟೇ ಬಡಿಸಿದ ತಂಗಳ ಬಾಸುಂದಿ ಉಂಡು ನಮ್ಮ ನೀಲವ್ವ ಸತ್ತಳಲ್ಲ, ಅದರಲ್ಲಿ ಒಂದು ಚಮಚ ಪರೀಕ್ಷೆಗೆ ಕೇಳಿದರು. ಬೀಗಿತಿ ಉಳಿದದ್ದನ್ನೆಲ್ಲ ಗೋಬರ್ ಗ್ಯಾಸಿನ ಗುಂಡಿಗೆ ಸುರಿದಿದ್ದಾಳೆ!

"ಗುಂಡ್ಯಾಗ ನೂರಾರು ಜಾತಿ ಕ್ರಿಮಿ ಅದಾವ್ರಿ. ಕೊಂದದ್ದು ಯಾವುದಂತ ಹ್ಯಾಂಗ ಹೇಳ್ಲಿ?" ಎಂದು ಸಂಶೋಧಕಿ ಬರಿಗೈಯಲ್ಲಿ ಹೋದರು.

"ನಮ್ಮನಿ ಅನ್ನಕ್ಕ ಹೆಸರಿಡಬ್ಯಾಡ್ರಿ ಬೀಗತ್ಯಾರ, ನಿಮ್ಮ ಮಗಳ ಹೊಟ್ಟೀನ ನಾಜೂಕ ಇತ್ತು," ಎಂದು ಬೀಗಿತಿ ಅದೇ ಗ್ಯಾಸಿನ ನೀಲಿ ಉರಿಯ ಮೇಲೆ ನನಗೆ ಚಹಾ ಕಾಸಿದಳು. ನಾನು ಮುಟ್ಟಲಿಲ್ಲ.

ನನ್ನ ಕೆಮ್ಮು ಕಡಿಮೆಯಾಗಿದೆ. ತಾಯಿಯಿಲ್ಲದ ಮೊಮ್ಮಗಳನ್ನು ಇಲ್ಲಿ ಬಿಟ್ಟು ಬರಲಾರೆ. ನಾಳೆಯಿಂದ ಅಂಗಳದಲ್ಲಿ ಮೂರು ಕಲ್ಲು ಹೂಡಿ ಅವಳಿಗೆ ನಾನೇ ಬೇಯಿಸುತ್ತೇನೆ.

ನಿನ್ನ ಅಕ್ಕ, ಕಸ್ತೂರೆವ್ವ